ದೀಪ ನೋಡಿ ಏಳುವವರು

ವಾಲ್ಪರೈಸೊ ಊರಿನ ಗುಡ್ಡಕ್ಕೆ
ಹಳಿಯ ಮೇಲೆ ಹತ್ತಿಳಿಯುವ ಎರಡು ಮರದ ಪೆಟ್ಟಿಗೆ.
ಒಂದು ಇಳಿಯದೆ ಇನ್ನೊಂದು ಏರದು.
ಹತ್ತೊಂಬತ್ತು ವರ್ಷದಿಂದ ಮೇಲಿನ ಕೋಣೆಯಲ್ಲಿ ಕೂತು
ಈ ಸನ್ನೆಗೋಲು ಎಳೆಯುವವಳು ನಾನು, ಎದುವೀನಾ.
ಕೆಳಗೆ ಗಂಟೆ ಬಾರಿಸಿದರೆ ಎಳೆಯಬೇಕು, ಅಷ್ಟೇ ಕೆಲಸ.
ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ.
ಇಷ್ಟು ದಿನ ಅದೊಂದು ಸುಖ ಅಂದುಕೊಂಡಿದ್ದೆ.

ಎಡಗಡೆ, ಕಂಕುಳಿಗೆ ಹತ್ತಿರ,
ನೆನೆಹಾಕಿದ ಕಡಲೆಕಾಳಿನಷ್ಟು.
ಸ್ನಾನ ಮಾಡುವಾಗ ಸಿಕ್ಕಿತು. ಸೋಪಿನ ಚೂರೇನೋ ಅಂತ
ಉಜ್ಜಿದೆ ಮೊದಲು, ದಡ್ಡಿ.

ಸೂಜಿ ಹಾಕಿದ ಹುಡುಗಿ ನನ್ನ ಯಾಸ್ನಾಗಿಂತ ಚಿಕ್ಕವಳು.
"ಪಟ್ ಅಂತ ಸದ್ದಾಗುತ್ತೆ, ಹೆದರಬೇಡಿ" ಅಂದಳು.
ಪಟ್. ಕಾಗದಕ್ಕೆ ಪಿನ್ನು ಹೊಡೆದ ಹಾಗೆ.
ಮೂರು ಸಲ. ಆಮೇಲೆ ಸೀಸೆಯೊಳಗೆ
ಬಿಳಿ ದಾರದ ತುಣುಕಿನಂಥವು ತೇಲಿದವು.
ನೋಡಬಾರದಿತ್ತು, ನೋಡಿದೆ.
"ಹತ್ತು ಕೆಲಸದ ದಿನ. ನಾವೇ ಫೋನ್ ಮಾಡುತ್ತೇವೆ."
ನಡುವೆ ಸೆಪ್ಟೆಂಬರಿನ ಹಬ್ಬ ಬಂತು,
ಎರಡು ದಿನ ಇಡೀ ದೇಶ ಮಾಂಸ ಸುಟ್ಟು ಕುಣಿಯಿತು.
ಆಸ್ಪತ್ರೆಯ ಲೆಕ್ಕದಲ್ಲಿ ಅವು ದಿನಗಳೇ ಅಲ್ಲ.
ಅವರ ಗಂಟೇನು ಹೋಗುತ್ತೆ?
ಗಂಟು ನನ್ನದು.

ನಿಬಾಲ್ಡೊಗೆ ಹೇಳಿದೆ. ಅವನು ಏನೂ ಅನ್ನದೆ
ಎರಡು ವರ್ಷದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿ ಬಿಚ್ಚಿ ಕೂತ.
ಮರುದಿನ, ಕಿರುಗುಟ್ಟುತ್ತಿದ್ದ ಬಚ್ಚಲ ಬಾಗಿಲು.
ಆಮೇಲೆ ಕುರ್ಚಿಯ ಕಾಲು.
ಈಗ ಮನೆಯಲ್ಲಿ ರಿಪೇರಿಗೆ ನಾನೊಬ್ಬಳೇ ಬಾಕಿ.

ಕೆಳಗಿನ ಟಿಕೆಟ್ ಕಿಂಡಿಯ ಓರ್ಫೆಲಿನಾ
"ನನ್ನ ನಾದಿನಿಗೂ ಹೀಗೇ ಇತ್ತು" ಅಂದಳು, ಒಳ್ಳೆಯ ಮನಸ್ಸಿನಿಂದಲೇ.
ಇತ್ತು ಅಂದರೆ ಈಗ ಇಲ್ಲ.
ಇಲ್ಲದ್ದು ಗಂಟೋ, ನಾದಿನಿಯೋ?
ಕೇಳಲು ಬಾಯಿ ಬರಲಿಲ್ಲ.
ಆ 'ಇತ್ತು' ಹಿಡಿದುಕೊಂಡು ಒಂದು ರಾತ್ರಿ ಪೂರ್ತಿ ಕಳೆದೆ.

ಬೆರಳಿಗೆ ಬುದ್ಧಿ ಹೇಳಲಾಗುವುದಿಲ್ಲ.
ಪೆಟ್ಟಿಗೆ ಇಳಿಯುವ ಒಂದೂವರೆ ನಿಮಿಷದಲ್ಲಿ
ಸ್ವೆಟರಿನೊಳಗೆ ಹೋಗಿ ನೋಡಿಕೊಂಡು ಬರುತ್ತದೆ:
ಇದೆ. ಇನ್ನೂ ಇದೆ.
ಹಾಗಾಗಿ ಒಂದು ಕೈಯನ್ನು ಸನ್ನೆಗೋಲಿಗೆ ಕೊಟ್ಟು
ಇನ್ನೊಂದಕ್ಕೆ ಹಿತ್ತಾಳೆ ಉಜ್ಜುವ ಬಟ್ಟೆ ಕೊಟ್ಟಿದ್ದೇನೆ.
ಹಿಡಿಕೆ, ಬೀಗ, ಗಂಟೆ, ಮತ್ತೆ ಹಿಡಿಕೆ.
"ಯಾರಾದರೂ ಮಂತ್ರಿ ಬರುತ್ತಾರಾ?" ಅಂತ ಕೇಳಿದರು ಮೇಲಧಿಕಾರಿ.
ಬರಬಹುದು ಅಂದೆ.

ನಿನ್ನೆ ಸಂಜೆ ಚಹಾದ ಹೊತ್ತಿಗೆ ನೆಲ ನಡುಗಿತು.
ನಮ್ಮಲ್ಲಿ ಯಾರೂ ತಟ್ಟನೆ ಏಳುವುದಿಲ್ಲ.
ಬ್ರೆಡ್ಡು ಮುರಿಯುವ ಕೈ ಹಾಗೇ ನಿಲ್ಲುತ್ತದೆ,
ಎಲ್ಲರ ಕಣ್ಣು ತೂಗುದೀಪಕ್ಕೆ.
ಸಣ್ಣದಾದರೆ ತನ್ನ ಪಾಡಿಗೆ ತಾನು ಹೋಗುತ್ತದೆ,
ದೊಡ್ಡದಾದರೆ ಅದೇ ಎಬ್ಬಿಸುತ್ತದೆ.
ಅಲ್ಲಿಯವರೆಗೆ ಕೂತಿರಬೇಕು. ಇದನ್ನು ಯಾರೂ ಕಲಿಸಿದ್ದಲ್ಲ.
ತಟ್ಟೆಗಳು ಗುನುಗಿದವು. ದೀಪ ನಾಲ್ಕು ಸಲ ತೂಗಿತು.
ನಿಂತಿತು. ಯಾಸ್ನಾ ಬೆಣ್ಣೆ ಕೇಳಿದಳು.
ಆಮೇಲೆ ಹೊಳೆಯಿತು,
ಅಷ್ಟು ಹೊತ್ತು ನಾನು ಅದನ್ನು ಮರೆತಿದ್ದೆ.
ಭೂಕಂಪಕ್ಕೆ ಯಾರಾದರೂ ಉಪಕಾರ ಹೇಳುತ್ತಾರೆಯೇ?
ಪಾತ್ರೆ ತೊಳೆಯುತ್ತಾ ಹೇಳಿದೆ.

ಇವತ್ತಿಗೆ ಹದಿನಾರು ದಿನ.
ಹನ್ನೊಂದೂ ಕಾಲಿಗೆ ಕೆಳಗೆ ಗಂಟೆ.
ತಂತಿಬುಟ್ಟಿಯಲ್ಲಿ ಮೊಟ್ಟೆ ಹೊತ್ತ ಮುದುಕ,
ಶಾಲೆ ತಪ್ಪಿಸಿದ ಇಬ್ಬರು ಹುಡುಗರು,
ಟಿಕೆಟ್ ಇಲ್ಲದ ಒಂದು ಬೀದಿನಾಯಿ, ದಿನದ ಗಿರಾಕಿ.
ಎಳೆದೆ.
ಎರಡೂ ಪೆಟ್ಟಿಗೆ ನಡುದಾರಿಯಲ್ಲಿ ಒಂದನ್ನೊಂದು ದಾಟುವಾಗ
ಮೇಜಿನ ಮೇಲೆ ಫೋನು ಗುಂಯ್‌ಗುಟ್ಟುತ್ತಾ
ತಾನಾಗಿ ಅಂಚಿನ ಕಡೆ ನಡೆಯತೊಡಗಿತು.
ಗೊತ್ತಿಲ್ಲದ ನಂಬರು.
ಜನ ಹಳಿಯ ಮೇಲಿರುವಾಗ ಕೈ ಬಿಡುವ ಹಾಗಿಲ್ಲ,
ಗೋಡೆಯ ಮೇಲೆ ಬರೆದಿದೆ, ನಾನೇ ಅದರ ಧೂಳು ಒರೆಸುವವಳು.
ಗಂಟಲು ಒಣಗಿದೆ.
ನಾಯಿ ಮುಂಗಾಲೂರಿ, ಕಿಟಕಿಯಿಂದ
ಬಂದರಿನ ಕ್ರೇನುಗಳನ್ನು ನೋಡುತ್ತಿದೆ.
ಇನ್ನು ನಲವತ್ತು ಸೆಕೆಂಡು.
ಇರು, ಬಂದೆ.
ಮೊಟ್ಟೆ ಇಳಿಯಲಿ, ಹುಡುಗರು ಇಳಿಯಲಿ,
ನಾಯಿಯೂ ಇಳಿಯಲಿ ಮೊದಲು.